ಹೊಳೆಗೆ ಮೀಟರ್ ಹಾಕಿ, ರೀಡಿಂಗ್ ನಮಗೂ ತೋರಿಸಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ನಾನು ಗುರುಪುರ ಹೊಳೆ ಬದಿಯವ. ಪೇಪರಿನವರು ಫಲ್ಗುಣಿ ಅಂತ ಬರೀತಾರೆ, ನಮಗೆ ಅದು ಹೊಳೆ ಅಷ್ಟೇ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ, ಪ್ರತಿ ಸಲ ಇನ್‌ವರ್ಡ್ ಸೀಲ್ ಒತ್ತಿದ ಒಂದು ಪ್ರತಿ ಕೈಗೆ ಸಿಗ್ತದೆ, ಅದರಿಂದ ಮುಂದೆ ಎಂತದೂ ಆಗುದಿಲ್ಲ. ಹಾಗಾಗಿ ಈಗ ಎಲ್ಲರೂ ಓದುವ ಹಾಗೆ ನಿಮಗೆ ಬರೀತಾ ಇದ್ದೇನೆ. ಕೇಳುದು ದೊಡ್ಡದೇನಲ್ಲ. ನೇತ್ರಾವತಿಗೂ ಫಲ್ಗುಣಿಗೂ, ಅವೆರಡೂ ಸೇರಿ ಸಮುದ್ರಕ್ಕೆ ಹೋಗುವ ಬೆಂಗ್ರೆ ಅಳಿವೆ ಬಾಗಿಲಿಗೂ, ದಿನದ ಇಪ್ಪತ್ನಾಲ್ಕು ಗಂಟೆ ನೀರಿನ ಗುಣ ನೋಡುವ ಮೀಟರ್ ಹಾಕಿ. ಅದರ ರೀಡಿಂಗ್ ಆಗಿಂದಾಗ್ಗೆ ಜನರಿಗೆ ಕಾಣುವ ಹಾಗೆ ಮಾಡಿ.

ಯಾಕೆ ಇಷ್ಟು ಹಟ ಅಂದ್ರೆ ಕಳೆದ ಬೇಸಿಗೆಯ ಒಂದು ರಾತ್ರಿಯ ವಿಷಯ ಹೇಳ್ಬೇಕು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ಮೇಲಿಂದ ನೀರು ಬರುದು ನಿಂತಿತ್ತು, ಕೆಳಗೆ ಹೊಳೆಯಲ್ಲಿ ಏರು ಇಳಿತದ ನೀರು ಬಿಟ್ರೆ ಬೇರೆ ಹರಿವು ಇರ್ಲಿಲ್ಲ. ನಡುರಾತ್ರಿ ಕಳೆದ ಮೇಲೆ ಮೂಗು ಮುಚ್ಚುವ ವಾಸನೆ, ಎಂತ ಅಂತ ಟಾರ್ಚ್ ಹಿಡಿದು ಹೋಗಿ ನೋಡಿದ್ರೆ ನೀರು ಕಪ್ಪು, ಅಂಚಿಗೆ ಬಿಳಿ ನೊರೆ, ಮೀನು ಎಲ್ಲ ಮೇಲೆ ಬಂದು ಬಾಯಿ ತೆರೆದು ಒದ್ದಾಡ್ತಾ ಇದ್ವು, ಕಾಣೆ ಮೀನು, ಸಿಗಡಿ, ಸಣ್ಣ ಮರಿ ಎಲ್ಲ. ಏಡಿಗಳು ನೀರು ಬಿಟ್ಟು ದಡಕ್ಕೆ ಹತ್ತಿ ಬಂದಿದ್ವು ಸರ್, ಏಡಿ ನೀರಿಗೆ ಹೆದರಿ ಓಡಿ ಬಂದದ್ದನ್ನು ನನ್ನ ಅಪ್ಪನೂ ಅಲ್ಲಿವರೆಗೆ ನೋಡಿರ್ಲಿಲ್ಲ. ಆಗಲೇ ಫೋನ್ ಮಾಡಲಿಕ್ಕೆ ಶುರು ಮಾಡಿದೆ. ಒಂದು ನಂಬರ್ ಎತ್ತುದೇ ಇಲ್ಲ, ಇನ್ನೊಂದರಲ್ಲಿ ಅದು ನಮ್ಮದಲ್ಲ ಮೀನುಗಾರಿಕೆಯವರದ್ದು ಅಂದ್ರು, ಅವರು ನೀರಿನ ವಿಷಯ ನಮಗೆ ಬರುದಿಲ್ಲ ಅಂದ್ರು. ಬೆಳಗಾಗುವಷ್ಟರಲ್ಲಿ ದಡದ ತುಂಬಾ ಸತ್ತ ಮೀನು. ಒಬ್ಬರು ಜೀಪಲ್ಲಿ ಬಂದದ್ದು ಮಧ್ಯಾಹ್ನ ಊಟದ ನಂತರ, ಅಷ್ಟೊತ್ತಿಗೆ ಸಮುದ್ರದ ನೀರು ಏರಿ ಬಂದು ಹೊಳೆ ನೋಡಲಿಕ್ಕೆ ತಿಳಿಯಾಗಿತ್ತು. ಸಂಕದ (ಸೇತುವೆಯ) ಮೇಲಿಂದ ಹಗ್ಗ ಕಟ್ಟಿದ ಬಕೆಟ್ ಇಳಿಸಿ ಒಂದು ಕ್ಯಾನ್ ನೀರು ತುಂಬಿಸಿದ್ರು. ಈ ನೀರಲ್ಲ ಸರ್, ಆ ತೋಡಿನ ಬಾಯಲ್ಲಿ ತೆಗೀರಿ, ರಾತ್ರಿ ನಾನು ತೆಗೆದಿಟ್ಟ ನೀರೂ ಉಂಟು ಅಂತ ಬಾಟ್ಲಿ ತೋರಿಸಿದೆ. ನೀವು ತೆಗೆದದ್ದಕ್ಕೆ ಬೆಲೆ ಇಲ್ಲ ಅಂದ್ರು. ಮತ್ತೆ ಎಷ್ಟೋ ವಾರ ಅಲೆದ ಮೇಲೆ ಸಿಕ್ಕಿದ ಕಾಗದದಲ್ಲಿ ಎಲ್ಲ ಮಿತಿಯೊಳಗೆ ಉಂಟು ಅಂತ ಬರೆದಿತ್ತು.

ಮಿತಿಯೊಳಗೆ ಇದ್ರೆ ಮೀನು ಯಾಕೆ ಸತ್ತಿತು? ಇದಕ್ಕೆ ಇವತ್ತಿನವರೆಗೆ ಯಾರೂ ಉತ್ತರ ಕೊಡ್ಲಿಲ್ಲ. ಯಾರು ಬಿಟ್ಟದ್ದು ಅಂತ ನಾನು ಬೆರಳು ತೋರಿಸ್ತಾ ಇಲ್ಲ, ಫ್ಯಾಕ್ಟರಿಯದ್ದೋ, ಕರೆಂಟ್ ಹೋಗಿ ಪಂಪ್ ನಿಂತು ವೆಟ್‌ವೆಲ್ (ಕೊಳಚೆ ಸೇರುವ ಗುಂಡಿ) ತುಂಬಿ ಹರಿದ ಪೇಟೆಯ ಕೊಳಚೆಯೋ, ರಾತ್ರಿ ಟ್ಯಾಂಕರಿಂದ ಸುರಿದದ್ದೋ ನನಗೆ ಗೊತ್ತಿಲ್ಲ. ಅಲ್ಲಿ ಒಂದು ಮೀಟರ್ ಇದ್ದಿದ್ರೆ ಎಷ್ಟು ಗಂಟೆಗೆ ಆಕ್ಸಿಜನ್ ಬಿದ್ದದ್ದು, ಎಷ್ಟೊತ್ತು ಹಾಗೇ ಇತ್ತು ಅಂತ ಗೊತ್ತಾಗ್ತಿತ್ತು. ಮೇಲೊಂದು ಕೆಳಗೊಂದು ಇದ್ದಿದ್ರೆ ಯಾವ ಕಡೆಯಿಂದ ಬಂದದ್ದು ಅಂತ್ಲೂ ಗೊತ್ತಾಗ್ತಿತ್ತು.

ಅಳಿವೆ ಅಂದ್ರೆ ಬಾವಿ ಅಲ್ಲ, ಒಂದು ಹೊತ್ತಲ್ಲಿ ನೀರು ತೆಗೆದು ಇಷ್ಟೇ ಅಂತ ಹೇಳಲಿಕ್ಕೆ. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರ್ತದೆ, ಎರಡು ಸಲ ಇಳೀತದೆ. ಏರಿದಾಗ ತೆಗೆದ್ರೆ ಸಮುದ್ರದ ನೀರು ಸಿಗ್ತದೆ, ಪೂರ್ತಿ ಇಳಿದಾಗ ತೆಗೆದ್ರೆ ಹೊಳೆಯ ನಿಜವಾದ ಸ್ಥಿತಿ ಸಿಗ್ತದೆ. ಉಪ್ಪುನೀರು ಭಾರ, ಅದು ಅಡಿಯಲ್ಲಿರ್ತದೆ, ಸಿಹಿನೀರು ಮೇಲೆ ಇರ್ತದೆ, ಮೇಲಿನ ಬಕೆಟ್ ನೀರು ನೋಡಿ ಅಡಿಯಲ್ಲಿ ಕೂತ ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಬದುಕಿದೆಯಾ ಸತ್ತಿದೆಯಾ ಅಂತ ಹೇಳಲಿಕ್ಕೆ ಆಗುದಿಲ್ಲ. ಹಗಲು ಬಿಸಿಲಿಗೆ ಪಾಚಿ ಆಕ್ಸಿಜನ್ ಬಿಡ್ತದೆ, ರಾತ್ರಿ ಅದೇ ಪಾಚಿ ಆಕ್ಸಿಜನ್ ಎಳೀತದೆ, ಹಾಗಾಗಿ ನೀರಿಗೆ ಅತೀ ಕಷ್ಟದ ಹೊತ್ತು ಅಂದ್ರೆ ಬೆಳಕು ಹರಿಯುವ ಮೊದಲು. ಆಫೀಸ್ ಟೈಮಲ್ಲಿ ಬಂದು ತೆಗೆದ ಸ್ಯಾಂಪಲಿಗೆ ಅದು ಸಿಗುದೇ ಇಲ್ಲ. ನೀರಿನ ಕೊಳೆ ಎಷ್ಟು ಆಕ್ಸಿಜನ್ ತಿಂತದೆ ಅಂತ ನೋಡುವ ಬಿಒಡಿ ಟೆಸ್ಟಿಗೇ ಲ್ಯಾಬಲ್ಲಿ ಮೂರು ದಿನ ಇಡ್ಬೇಕಂತೆ, ಅಷ್ಟರಲ್ಲಿ ಹೊಳೆಯಲ್ಲಿ ಎಷ್ಟು ಸಲ ನೀರು ಬದಲಾಗಿರ್ತದೆ ಲೆಕ್ಕ ಹಾಕಿ. ಸ್ಯಾಂಪಲ್ ತೆಗೆದ ಕಾಗದದಲ್ಲಿ ಆಗ ನೀರು ಏರ್ತಾ ಇತ್ತಾ ಇಳೀತಾ ಇತ್ತಾ ಅಂತ ಒಂದು ಸಾಲಾದ್ರೂ ಬರೀಲಿಕ್ಕೆ ಹೇಳಿ, ಅದಕ್ಕೆ ದುಡ್ಡು ಬೇಡ.

ನಿಯಮ ನಿಮಗೆ ಗೊತ್ತಿರುವಂಥದ್ದೇ. 1974ರ ಜಲ ಕಾಯ್ದೆ ಉಂಟು, ಮೀನು ಬದುಕುವ ನೀರಲ್ಲಿ ಲೀಟರಿಗೆ ಕಮ್ಮಿ ಅಂದ್ರೂ 4 ಮಿಲಿಗ್ರಾಂ ಆಕ್ಸಿಜನ್ ಇರ್ಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದ್ದೇ ಲೆಕ್ಕ ಉಂಟು. 2018ರಲ್ಲಿ ಅದೇ ಮಂಡಳಿ ದೇಶದಲ್ಲಿ ಹಾಳಾದ ನದಿ ಭಾಗ 351 ಅಂತ ಪಟ್ಟಿ ಮಾಡ್ತು, ಕರ್ನಾಟಕದ್ದು 17, ಅದರಲ್ಲಿ ನಮ್ಮ ನೇತ್ರಾವತಿಯೂ ಉಂಟು. ಮಂಗಳೂರಿಡೀ ತುಂಬೆ ಅಣೆಕಟ್ಟಿಂದ ಕುಡಿಯುವ ನೀರು ಅದೇ ನದಿಯದ್ದು! ದೊಡ್ಡ ಮಾಲಿನ್ಯದ ಫ್ಯಾಕ್ಟರಿಗಳು ತಮ್ಮ ಪೈಪಿಗೆ ಆನ್‌ಲೈನ್ ಮೀಟರ್ ಹಾಕ್ಬೇಕು ಅಂತ 2014ರಲ್ಲೇ ಆದೇಶ ಆಗಿದೆ. ಗಂಗೆಗೆ ಅಲ್ಲಲ್ಲಿ ರಿಯಲ್ ಟೈಮ್ ಸ್ಟೇಷನ್ ಹಾಕಿದ್ದಾರೆ. ಪೈಪಿಗೆ ಆಗ್ತದೆ, ಗಂಗೆಗೆ ಆಗ್ತದೆ ಅಂತಾದ್ರೆ ನಮ್ಮ ಹೊಳೆಗೆ ಯಾಕೆ ಆಗುದಿಲ್ಲ? ಪೈಪಲ್ಲಿ ಎಷ್ಟೇ ಸರಿ ತೋರಿಸ್ಲಿ, ಕಡೆಗೆ ಸಾಯುದು ಹೊಳೆ ತಾನೇ, ಅಳತೆ ಹೊಳೆಯಲ್ಲಿ ಆಗ್ಬೇಕು.

ನಮ್ಮ ಮನೆಯ ವಿಷಯ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಅಮ್ಮ ಸೊಂಟದವರೆಗೆ ನೀರಲ್ಲಿ ನಿಂತು ಮರುವಾಯಿ ಹೆಕ್ಕಿ ಮಾರಿ ನಮ್ಮನ್ನು ಓದಿಸಿದ್ದು. ಈಗ ಹೊಳೆಗಿಳಿದು ಬಂದ್ರೆ ಕಾಲು ತುರಿಕೆ, ಕೆಂಪು ಗುಳ್ಳೆ, ಡಾಕ್ಟ್ರು ಕ್ರೀಮ್ ಬರೆದುಕೊಡ್ತಾರೆ ನೀರಿಗೆ ಇಳೀಬೇಡಿ ಅಂತಾರೆ, ಇಳೀದೆ ಎಂತ ಮಾಡುದು? ಮಾರ್ಕೆಟಲ್ಲಿ ಯಾವ ಹೊಳೆಯ ಮರುವಾಯಿ ಅಂತ ಕೇಳಿ, ಗುರುಪುರ ಹೊಳೆ ಅಂದ ಕೂಡ್ಲೆ ಬುಟ್ಟಿ ಬಿಟ್ಟು ಮುಂದೆ ಹೋಗ್ತಾರೆ. ಅಮ್ಮನಿಗೆ ಅದು ದೊಡ್ಡ ಅವಮಾನ, ಎಷ್ಟೋ ದಿನ ವಾಪಸ್ ತಂದ ಬುಟ್ಟಿಯನ್ನು ಹಾಗೇ ಮೂಲೆಯಲ್ಲಿಟ್ಟು ಊಟ ಮಾಡದೆ ಮಲಗಿದ್ದಾರೆ. ಈಗ ನಮ್ಮ ಮನೆಯಲ್ಲೇ ಮರುವಾಯಿ ಪುಂಡಿ ಮಾಡಲಿಕ್ಕೆ ಹೆದರಿಕೆ. ಮರುವಾಯಿ ನೀರು ಸೋಸಿ ತಿನ್ನುವ ಜೀವಿ, ನೀರಲ್ಲಿ ಇರುವ ಎಷ್ಟೋ ವಿಷ ಅದರ ಮಾಂಸದಲ್ಲಿ ಕೂತುಕೊಳ್ತದೆ. ಹಾಗಾಗಿ ನೀರು ಮಾತ್ರ ಅಲ್ಲ, ಮರುವಾಯಿಯ ಮಾಂಸ, ಅಡಿಯ ಕೆಸರು ಎರಡನ್ನೂ ಟೆಸ್ಟ್ ಮಾಡಿಸಿ. ತಿನ್ಬಹುದು ಅಂತಾದ್ರೆ ಬರೆದು ಕೊಡಿ, ಅಮ್ಮ ಧೈರ್ಯದಲ್ಲಿ ಮಾರಲಿ. ತಿನ್ಬಾರದು ಅಂತಾದ್ರೆ ಅದನ್ನೂ ಬರೆದು ಕೊಡಿ, ಪರಿಹಾರ ಕೇಳಲಿಕ್ಕೆ ನಮ್ಮ ಕೈಯಲ್ಲೊಂದು ದಾಖಲೆ ಆದ್ರೂ ಇರ್ಲಿ.

ಎತ್ತಿನಹೊಳೆಯ ಮೊದಲ ಹಂತ 2024ರಲ್ಲಿ ಶುರು ಆಯ್ತು, ನೇತ್ರಾವತಿಯ ಮೇಲಿನ ಹಳ್ಳಗಳಿಂದ 24.01 ಟಿಎಂಸಿ ಎತ್ತುವ ಯೋಜನೆ. ಅದು ಸರಿಯೋ ತಪ್ಪೋ ಅಂತ ಈ ಪತ್ರದಲ್ಲಿ ಜಗಳ ಮಾಡುದಿಲ್ಲ. ಆದ್ರೆ ಅಳಿವೆಗೆ ಇವತ್ತು ಎಷ್ಟು ಸಿಹಿನೀರು ಬರ್ತದೆ, ಉಪ್ಪು ಎಲ್ಲಿವರೆಗೆ ಏರ್ತದೆ ಅಂತ ಇವತ್ತೇ ಅಳೆದು ಇಡದಿದ್ರೆ ನಾಳೆ ವ್ಯತ್ಯಾಸ ಆಯ್ತು ಅಂತ ಯಾವ ಆಧಾರದಲ್ಲಿ ಹೇಳುದು?

ಹಾಗಾಗಿ ಮತ್ತೆ ಅದನ್ನೇ ಹೇಳ್ತೇನೆ ಸರ್. ಮೀಟರ್ ಹಾಕಿ. ಅಣೆಕಟ್ಟಿನ ಮೇಲೊಂದು ಕೆಳಗೊಂದು, ಕೂಳೂರು ಸಂಕದ ಹತ್ರ ಒಂದು, ಉಳ್ಳಾಲ ಸಂಕದ ಹತ್ರ ಒಂದು, ಅಳಿವೆ ಬಾಗಿಲಲ್ಲಿ ಒಂದು. ರೀಡಿಂಗ್ ಮೊಬೈಲಲ್ಲಿ ಕಾಣಲಿ, ಪಂಚಾಯತ್ ಬೋರ್ಡಿನಲ್ಲೂ ಕಾಣಲಿ, ಯಾಕಂದ್ರೆ ಅಮ್ಮನ ಹತ್ರ ಅಂಥ ಫೋನ್ ಇಲ್ಲ. ಮೀನು ಸತ್ತ ಸುದ್ದಿ ಬಂದ್ರೆ ರಾತ್ರಿಯಾದ್ರೂ ಬಂದು ನೀರು ತೆಗೆಯುವ ಒಬ್ಬರನ್ನು ನೇಮಿಸಿ, ಅವರ ನಂಬರ್ ಹೊಳೆಬದಿಯ ಪ್ರತಿ ವಾರ್ಡಿಗೆ ಕೊಡಿ. ಮಿತಿಯೊಳಗೆ ಉಂಟು ಅನ್ನುವ ಕಾಗದ ನಮಗೆ ಇನ್ನು ಬೇಡ.

ಮಳೆಗಾಲ ಬಂದ್ರೆ ಎಲ್ಲ ತೊಳೆದು ಹೋಗ್ತದೆ, ನೀವೂ ಮರೀತೀರಿ, ನಾವೂ ಸುಮ್ಮನಾಗ್ತೇವೆ ಅಂತ ಕಚೇರಿಯಲ್ಲಿ ಕೂತವರಿಗೆ ಗೊತ್ತುಂಟು. ಈ ಸಲ ನಾವು ಸುಮ್ಮನಾಗುದಿಲ್ಲ. ಮುಂದಿನ ಸಲ ಕಿಂಡಿಗೆ ಹಲಗೆ ಹಾಕುವ ಮೊದಲು ಮೀಟರ್ ಕೂತಿರ್ಬೇಕು. ಆಗ್ತದಾ ಇಲ್ವಾ ಅಂತ ಬರವಣಿಗೆಯಲ್ಲಿ ಉತ್ತರ ಕೊಡಿ.

ಇಂತಿ,
ಗುರುಪುರ ಹೊಳೆ ಬದಿಯ ಒಬ್ಬ ಮೀನುಗಾರನ ಮಗ