ಒಂದು ಅಕ್ಷರದ ಲೆಕ್ಕ

ಪ್ರೀತಿಯ ತಮ್ಮನಿಗೆ ಶರಣು.

ನಿನ್ನ ಕಥೆಯೂ, ಇನ್ನು ಬರೆಯುವುದನ್ನೇ ಬಿಡುತ್ತೇನೆಂಬ ಪತ್ರವೂ ಒಟ್ಟಿಗೇ ತಲುಪಿದವು. ಪಹಣಿಯಲ್ಲಿ ಜಮೀನಿನ ಒಡೆಯನ ಹೆಸರು ಬರೆಯುವ 9ನೇ ಕಾಲಂನಲ್ಲಿ ಅಪ್ಪನ ಹೆಸರು ಶಿವರಾಯ ಹೋಗಿ ಶಿವರಾಜ ಆದದ್ದಕ್ಕೆ ತೊಗರಿ ಬೆಳೆಯ ಪರಿಹಾರ ಕೈಗೆ ಬಾರದೆ, ಅವ್ವ ಆ ಹಾಳೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಹಶೀಲ್ದಾರ್ ಕಚೇರಿಯ ಮೆಟ್ಟಿಲ ಮೇಲೆ ಕುಳಿತ ಪುಟವನ್ನು ಎರಡು ಸಲ ಓದಿದೆ. ಅದನ್ನು ಬರೆದವನು ಬರವಣಿಗೆ ಬಿಡಕೂಡದು. ಕಥೆ ಎಷ್ಟು ಉದ್ದವಿರಬೇಕು, ಎಲ್ಲಿಗೆ ಕಳುಹಿಸಬೇಕು ಎಂಬುದನ್ನೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ.

ನನ್ನ ತಕರಾರು ಮುಂದಿನ ಪುಟದ ಒಂದೇ ವಾಕ್ಯದ್ದು. ಮಗ ‘ರಾತ್ರಿಯೆಲ್ಲ ದಾಖಲೆಗಳ ಮೇಲೆ ಸುರಿದನು’ ಎಂದಿದ್ದೀಯೆ. ಏನನ್ನು ಸುರಿದ? ಜೊತೆಗಿಟ್ಟ ನಿನ್ನ ಇಂಗ್ಲಿಷ್ ಲೇಖನ ನೋಡಿದ ಮೇಲೆ ತಿಳಿಯಿತು. ಅಲ್ಲಿ ‘ಪೋರ್ ಓವರ್’ ಎಂಬುದನ್ನು ಪಿ, ಓ, ಯು, ಆರ್ ಎಂದು ಬರೆದಿದ್ದೀಯೆ. ಅದು ನೀರು ಸುರಿಯುವ ಕ್ರಿಯಾಪದ. ದಾಖಲೆಯ ಮೇಲೆ ಕಣ್ಣು ನೆಟ್ಟು ಪರಿಶೀಲಿಸುವ ಅರ್ಥಕ್ಕೆ ಪಿ, ಓ, ಆರ್, ಇ ಆಗಬೇಕು. ಚರ್ಮದ ರಂಧ್ರಕ್ಕೂ ಅದೇ ಕಾಗುಣಿತವಿದೆಯಾದರೂ ಅದು ಗ್ರೀಕ್ ಮೂಲದ ಬೇರೆಯೇ ಶಬ್ದ. ಉಚ್ಚಾರ ಹೆಚ್ಚುಕಡಿಮೆ ಒಂದೇ ಆದುದರಿಂದ ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ಎಡವುತ್ತಾರೆ. ಅಷ್ಟೇ ಆಗಿದ್ದರೆ ಕ್ಷಮಿಸುತ್ತಿದ್ದೆ. ಆದರೆ ನೀನು ಆ ತಪ್ಪನ್ನು ಕನ್ನಡಕ್ಕೂ ಹೊತ್ತು ತಂದೆಯಲ್ಲ, ಅದನ್ನು ಸಹಿಸಲಾರೆ. ಅವ್ವ ಜೋಳ ಹಸನು ಮಾಡುವಂತೆ ಒಂದೊಂದು ಹಾಳೆಯನ್ನೂ ನೋಡಿದ ಎನ್ನಬಹುದಿತ್ತು. ಕಡತ ಜಾಲಾಡಿದ ಎಂದಿದ್ದರೂ ಸಾಕಿತ್ತು.

ಈ ಕಠಿಣ ಮಾತಿಗೆ ಕಾರಣವುಂಟು. ನಾನು ಬಹಳ ವರ್ಷ ‘ಕೂಲಂಕುಷವಾಗಿ ಪರಿಶೀಲಿಸಿ’ ಎಂದೇ ಬರೆಯುತ್ತಿದ್ದೆ. ಅಂಕುಶದ ನೆನಪು ಕಿವಿಯಲ್ಲಿತ್ತು. ಒಮ್ಮೆ ಅಚ್ಚುಕೂಟದಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುವ ಹುಡುಗನೊಬ್ಬ ಅದನ್ನು ‘ಕೂಲಂಕಷ’ ಎಂದು ತಿದ್ದಿದ. ನಾನು ಎಲ್ಲರೆದುರು ಅವನನ್ನು ಗದರಿದೆ. ಅವನು ಮಾತಾಡದೆ ಚಿಮಟದಿಂದ ಸರಿಯಾದ ಮೊಳೆಯನ್ನು ಕಿತ್ತು, ನನ್ನ ತಪ್ಪನ್ನು ಮತ್ತೆ ಕೂಡಿಸಿದ. ಕೂಲವೆಂದರೆ ದಂಡೆ, ಕಷವೆಂದರೆ ಉಜ್ಜುವುದು, ಎರಡೂ ದಂಡೆಗಳನ್ನು ಉಜ್ಜಿ ಹರಿಯುವುದು ಕೂಲಂಕಷ ಎಂದು ನಿಘಂಟು ತೆರೆದು ನೋಡುವ ಹೊತ್ತಿಗೆ ಆ ಅಚ್ಚುಕೂಟ ಮುಚ್ಚಿತ್ತು. ಭೀಮೆಗೆ ಮಹಾಪೂರ ಬಂದಾಗ ಕೆನ್ನೀರು ದಂಡೆಯ ಎರೆಮಣ್ಣನ್ನು ಕೆರೆದು ಕೆರೆದು ಕೆಡಹುವುದನ್ನು ಕಾಣುತ್ತ ಬೆಳೆದವನು ನಾನು. ನನ್ನ ಹೊಳೆಯೇ ಆ ಶಬ್ದದೊಳಗಿತ್ತು, ನಾನು ಇಣುಕಿ ನೋಡಿರಲಿಲ್ಲ. ಆ ಹುಡುಗನ ಕ್ಷಮೆ ಕೇಳುವುದು ಉಳಿದೇ ಹೋಯಿತು.

ಇನ್ನೊಂದು ಮಾತು. ನಿನ್ನ ಹಸ್ತಪ್ರತಿಯ 11ನೇ ಪುಟದಲ್ಲಿ, ಅವ್ವ ಅಪ್ಪನನ್ನು ನೆನೆಯುವ ಕಡೆ, ನೀನೂ ‘ಶಿವರಾಜ’ ಎಂದೇ ಬರೆದಿದ್ದೀಯೆ. ತಿದ್ದಿ ಕಳುಹಿಸು, ದಾರಿ ನೋಡುತ್ತಿರುತ್ತೇನೆ.

ಇಂತಿ,
ನಿನ್ನ ಹಿತೈಷಿ
ಕಲಬುರಗಿ