ಆ ನರ್ಸ್ ಕೇಳಿದ ಪ್ರಶ್ನೆಗೆ

ಶುಕ್ರವಾರ ಪಿಎಚ್.ಡಿ. ಡಿಫೆನ್ಸ್, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ಥೀಸಿಸ್‌ನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇಟ್ಟಿದ್ದೆ. ಮದುವೆ ಕಾಗದದ ಕೊನೆಯಲ್ಲಿ ಬರುತ್ತದಲ್ಲ, ಹಾಗೆ ಎಲ್ಲರ ಹೆಸರೂ ಇಂಗ್ಲಿಷ್‌ನಲ್ಲಿ ಸಾಲಾಗಿ ಬಂದವು. ಯಾರಿಗೆ ಯಾತಕ್ಕೆ ಥ್ಯಾಂಕ್ಸ್ ಅನ್ನುವುದು ಮಾತ್ರ ಬರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಅವರವರಿಗೆ ಗೊತ್ತಾಗುತ್ತದೆ.

2019ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದೆ. ಮೇರಿ ಕ್ಯೂರಿಯ ಹೆಸರಲ್ಲಿ ಯೂರೋಪಿಯನ್ ಒಕ್ಕೂಟ ನಡೆಸುವ ತರಬೇತಿ ಜಾಲವೊಂದರಲ್ಲಿ ಜಾಗ ಸಿಕ್ಕಿತ್ತು. ವಿಷಯ, ವೈದ್ಯಕೀಯದಲ್ಲಿ ಮೆಷಿನ್ ಲರ್ನಿಂಗ್, ಅಂದರೆ ಹಳೆಯ ದಾಖಲೆಗಳಿಂದ ಕಂಪ್ಯೂಟರ್ ತಾನೇ ಕಲಿಯುವ ಹಾಗೆ ಮಾಡುವುದು. ಹಲವು ದೇಶಗಳ ವಿಶ್ವವಿದ್ಯಾಲಯ, ಆಸ್ಪತ್ರೆ, ಕಂಪನಿಗಳು ಸೇರಿ ಒಂದೇ ಗುಂಪು ವಿದ್ಯಾರ್ಥಿಗಳನ್ನು ಪಳಗಿಸುವ ಏರ್ಪಾಡು ಅದು. ಮೂರು ವರ್ಷ ಸಂಬಳ ಕೊಡುತ್ತಾರೆ. ಅದರ ಒಂದು ನಿಯಮ ಕೇಳಿ: ಕೆಲಸಕ್ಕೆ ಸೇರುವ ಹಿಂದಿನ ಮೂರು ವರ್ಷದಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಹಾಗಾಗಿ ನಮ್ಮ ಗುಂಪಿನಲ್ಲಿ ಎಲ್ಲರೂ ಪರದೇಶಿಗಳೇ. ಯಾರಿಗೂ ಊರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಕಸದ ಚೀಲವನ್ನು ಯಾವ ವಾರ ಎಲ್ಲಿ ಇಡಬೇಕು ಅನ್ನುವುದೂ ಗೊತ್ತಿಲ್ಲ. ಅದನ್ನು ಕಲಿಸಿದವರು ಆಫೀಸಿನ ಸಂಯೋಜಕಿ. ನನ್ನ ಪರ್ಮಿಟ್, ಇನ್ಶೂರೆನ್ಸ್, ಬಾಡಿಗೆ ಕರಾರು ಎಲ್ಲ ಓದಿ ಹೇಳಿದವರೂ ಅವರೇ. ಮೇಡಂ, ನಿಮಗೆ ಮೊದಲ ನಮಸ್ಕಾರ.

ನನ್ನ ಕೆಲಸ ಸೆಪ್ಸಿಸ್ ಮೇಲೆ. ಸೋಂಕು ತಗಲಿದಾಗ ದೇಹ ಹತೋಟಿ ತಪ್ಪಿ ಕಾದಾಡಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವ ಸ್ಥಿತಿ ಇದು. ನಮ್ಮ ಕಡೆ ಮೈಗೆಲ್ಲಾ ನಂಜು ಏರಿತು ಅನ್ನುತ್ತಾರೆ. ಬೇಗ ಗೊತ್ತಾದರೆ ಉಳಿಸಬಹುದು. ಐಸಿಯು ದಾಖಲೆಗಳನ್ನು ಕಂಪ್ಯೂಟರ್‌ಗೆ ಕೊಟ್ಟು ಕೆಲವು ಗಂಟೆ ಮೊದಲೇ ಎಚ್ಚರಿಸುವ ಹಾಗೆ ಮಾಡಬಹುದಾ ಅನ್ನುವುದು ಪ್ರಶ್ನೆ. ಮೊದಲ ತಿಂಗಳುಗಳಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರ ಮಿಮಿಕ್ (MIMIC) ಅನ್ನುವ ದತ್ತಾಂಶದ ಮೇಲೆ ಕೈ ಪಳಗಿಸಿಕೊಂಡೆವು. ಹೆಸರು ಅಳಿಸಿದ ಸಾವಿರಾರು ರೋಗಿಗಳ ದಾಖಲೆ ಅದರಲ್ಲಿದೆ. ಅದನ್ನು ತೆರೆಯುವ ಮೊದಲು ಸಂಶೋಧನಾ ನೀತಿಯ ಕೋರ್ಸ್ ಮುಗಿಸಿ, ಕರಾರಿಗೆ ಸಹಿ ಹಾಕಬೇಕು. ಆಗ ಅದು ಬರೀ ಕಿರಿಕಿರಿ ಅನ್ನಿಸಿತ್ತು.

ಎಂಟು ತಿಂಗಳಲ್ಲಿ ನನ್ನ ಮಾದರಿ, ಅಂದರೆ ದಾಖಲೆಗಳಿಂದ ಕಲಿತು ಎಚ್ಚರಿಸುವ ಪ್ರೋಗ್ರಾಂ, ಭರ್ಜರಿಯಾಗಿ ಓಡತೊಡಗಿತು. ಸೆಪ್ಸಿಸ್ ಆಗುವವರನ್ನು ಆಗದವರಿಂದ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅನ್ನುವ ಅಂಕ 0.9 ದಾಟಿತು, 1 ಬಂದರೆ ಪರಿಪೂರ್ಣ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು "ನೂರಕ್ಕೆ ತೊಂಬತ್ತಾ?" ಅಂದಳು. ಅದು ಬೇರೆ ಲೆಕ್ಕ, ಆದರೂ ಹೂಂ ಅಂದೆ.

ಆಮೇಲೆ ಆಸ್ಪತ್ರೆಯಲ್ಲಿ ಒಂದು ಸಭೆ. ಸ್ಲೈಡ್ ತೋರಿಸಿ ಮುಗಿಸಿದೆ. ಹಿಂದಿನ ಸಾಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹಿರಿಯ ನರ್ಸ್ ಒಬ್ಬರು ಕೂತಿದ್ದರು. ಅವರು ಕೇಳಿದ್ದು ಇಷ್ಟೇ: "ರಾತ್ರಿ ಮೂರು ಗಂಟೆಗೆ ಲ್ಯಾಕ್ಟೇಟ್ ಪರೀಕ್ಷೆಗೆ ರಕ್ತ ಕಳಿಸಿದ್ದೇವೆ ಅಂದರೆ ನಮಗೆ ಆಗಲೇ ಅನುಮಾನ ಬಂದಿದೆ ಅಂತ ಅಲ್ವಾ? ನಿಮ್ಮ ಮಷಿನ್ ರೋಗಿಯನ್ನು ನೋಡ್ತಿದೆಯೋ, ನಮ್ಮನ್ನು ನೋಡ್ತಿದೆಯೋ?"

ಮನೆಗೆ ಬಂದು ಪರೀಕ್ಷೆಗಳ ಫಲಿತಾಂಶವನ್ನೆಲ್ಲಾ ಅಳಿಸಿದೆ. ಯಾವ ಪರೀಕ್ಷೆಯನ್ನು ಯಾವಾಗ ಮಾಡಿಸಿದರು ಅನ್ನುವುದನ್ನು ಮಾತ್ರ ಉಳಿಸಿದೆ. ಅಂಕ ಹೆಚ್ಚೇನೂ ಕುಸಿಯಲಿಲ್ಲ. ಅಂದರೆ ನಾನು ಎಂಟು ತಿಂಗಳು ಕಷ್ಟಪಟ್ಟು ಕಟ್ಟಿದ್ದು ನರ್ಸ್‌ಗಳ ಅನುಮಾನವನ್ನು ನಕಲು ಮಾಡುವ ಯಂತ್ರ. ಅವರಿಗೆ ಗೊತ್ತಾದ ಮೇಲೆ ಅವರಿಗೇ ಹೇಳುತ್ತಿತ್ತು! ನಾಚಿಕೆಯ ಸಂಗತಿ ಏನೆಂದರೆ, ಇದು ನನಗೆ ಹೊಸದಲ್ಲ. ಎಷ್ಟೋ ಪರೀಕ್ಷೆಗಳಲ್ಲಿ ಫಲಿತಾಂಶಕ್ಕಿಂತ ಅದನ್ನು ಮಾಡಿಸಿದ ಹೊತ್ತೇ ರೋಗಿ ಉಳಿಯುವ ಬಗ್ಗೆ ಜಾಸ್ತಿ ಹೇಳುತ್ತದೆ ಅಂತ ಬಾಸ್ಟನ್ನಿನ ಸಂಶೋಧಕರು 2018ರಲ್ಲೇ ಬರೆದಿದ್ದರು. ಆ ಲೇಖನ ಓದಿದ್ದೆ, ಹಳದಿ ಗೆರೆ ಕೂಡ ಎಳೆದಿದ್ದೆ. ಸೆಪ್ಸಿಸ್‌ನ 2016ರ ವ್ಯಾಖ್ಯೆಯನ್ನು ದತ್ತಾಂಶದಲ್ಲಿ ಗುರುತಿಸುವುದೇ ವೈದ್ಯರು ಕಲ್ಚರ್‌ಗೆ (ರಕ್ತ ಮುಂತಾದವುಗಳಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ) ಕಳಿಸಿದ, ಆಂಟಿಬಯೋಟಿಕ್ ಶುರು ಮಾಡಿದ ಹೊತ್ತನ್ನು ನೋಡಿ. ಅದೂ ಗೊತ್ತಿತ್ತು. ಗೊತ್ತಿದ್ದೂ ಕಣ್ಣಿಗೆ ಬೀಳಲಿಲ್ಲ.

ನನ್ನ ಗೈಡ್ ಬೈಯಲಿಲ್ಲ. "ಸರಿ, ಇದೇ ಮೊದಲ ಅಧ್ಯಾಯ" ಅಂದರು. ಆಮೇಲೆ ನನ್ನನ್ನು ಬಾಸೆಲ್‌ನ ದೊಡ್ಡ ಚರ್ಚಿಗೆ ಕರೆದುಕೊಂಡು ಹೋದರು. ಸಂಭವನೀಯತೆಯ ಗಣಿತಕ್ಕೆ ತಳಪಾಯ ಹಾಕಿದ ಜೇಕಬ್ ಬರ್ನೂಲಿಯ ಸಮಾಧಿ ಫಲಕ ಅಲ್ಲಿದೆ. ತನ್ನ ಪ್ರೀತಿಯ ಲಾಗರಿದಮಿಕ್ ಸುರುಳಿಯನ್ನು ಅದರ ಮೇಲೆ ಕೆತ್ತಬೇಕು ಅನ್ನುವುದು ಅವನ ಆಸೆ. ಕಲ್ಲುಕುಟಿಗ ಕೆತ್ತಿದ್ದು ಬೇರೆ ಸುರುಳಿ, ಆರ್ಕಿಮಿಡೀಸನದು. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಗೈಡ್ ಏನೂ ಹೇಳಲಿಲ್ಲ, ಸುಮ್ನೆ ನಿಂತಿದ್ದರು. ನನಗೆ ನಗು ಬಂತು. ತುಂಬಾ ದಿನದ ಮೇಲೆ.

ಅಷ್ಟರಲ್ಲಿ ಕೋವಿಡ್. 2020ರ ಮಾರ್ಚ್ 2ರ ಬೆಳಗಿನ ಜಾವ ನಾಲ್ಕಕ್ಕೆ ಬಾಸೆಲ್‌ನ ಫಾಸ್ನಾಖ್ಟ್ ಹಬ್ಬ ಶುರುವಾಗಬೇಕಿತ್ತು. ಊರಿನ ದೀಪಗಳೆಲ್ಲ ಆರಿ, ಕತ್ತಲಲ್ಲಿ ಡ್ರಮ್ಮು, ಪಿಕೊಲೊ ಕೊಳಲು ಕೇಳಿಸುತ್ತವಂತೆ. ಅಲಾರಂ ಇಟ್ಟುಕೊಂಡಿದ್ದೆ. ಫೆಬ್ರವರಿ 28ರಂದು ಸಾವಿರಕ್ಕಿಂತ ಹೆಚ್ಚು ಜನ ಸೇರುವುದನ್ನೆಲ್ಲಾ ಸರ್ಕಾರ ನಿಷೇಧಿಸಿತು. ನನ್ನ ಸೆಕೆಂಡ್‌ಮೆಂಟ್, ಅಂದರೆ ಬೇರೆ ಊರಿನ ಆಸ್ಪತ್ರೆಯಲ್ಲಿ ಕೂತು ಮಾಡಬೇಕಿದ್ದ ಕೆಲಸ, ಲ್ಯಾಪ್‌ಟಾಪ್ ಪರದೆಗೆ ಬಂದು ಕೂತಿತು. ಬೇಸಿಗೆ ಶಾಲೆಯೂ ಪರದೆಯಲ್ಲೇ. ಗುಂಪಿನ ಗೆಳೆಯರೇ, ನೀವು ಪ್ರತಿ ಶನಿವಾರ ಕಾಲ್ ಮಾಡದೆ ಇದ್ದಿದ್ದರೆ ನಾನು ಆ ವರ್ಷವೇ ಗಂಟುಮೂಟೆ ಕಟ್ಟುತ್ತಿದ್ದೆ. ನನ್ನ ಕೋಡಿನಲ್ಲಿ ಒಬ್ಬನೇ ರೋಗಿಯ ಎರಡು ದಾಖಲಾತಿಗಳು ಒಂದು ಮಾದರಿ ಕಲಿಯುವ ಕಡೆಗೂ ಇನ್ನೊಂದು ಅದರ ಅಂಕ ಅಳೆಯುವ ಕಡೆಗೂ ಸೇರಿಕೊಂಡಿದ್ದನ್ನು ಹಿಡಿದವಳು ನಿಮ್ಮಲ್ಲೊಬ್ಬಳು. ಮೊದಲೇ ನೋಡಿದ ರೋಗಿಯನ್ನೇ ಮತ್ತೆ ತೋರಿಸಿ ಅಂಕ ಕೊಟ್ಟ ಹಾಗೆ ಆಗಿತ್ತು. ಅವಳು ಹಿಡಿದ ಮೇಲೆ ಅಂಕ ಮತ್ತೂ ಇಳಿಯಿತು. ಥ್ಯಾಂಕ್ಸ್ ಕಣೇ.

2021ರ ಮೇನಲ್ಲಿ ಅಪ್ಪ ಹಾಸನದಲ್ಲಿ ಆಸ್ಪತ್ರೆ ಸೇರಿದರು. ಹೋಗುವ ದಾರಿ ಇರಲಿಲ್ಲ. ಭಾವ ಮಾನಿಟರಿನ ನಂಬರುಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು, ನಾನು ಅವನ್ನೆಲ್ಲಾ ಪಟ್ಟಿ ಮಾಡಿ ಗ್ರಾಫ್ ಎಳೆಯುತ್ತಿದ್ದೆ. ಹುಚ್ಚು. ನಮ್ಮ ಜಾಲದ ಐಸಿಯು ಡಾಕ್ಟರು ಒಂದು ರಾತ್ರಿ ಆ ಗ್ರಾಫ್ ನೋಡಿ, "ಇದನ್ನು ಮುಚ್ಚು. ಅಪ್ಪ ಊಟ ಮಾಡ್ತಿದ್ದಾರಾ ಅಂತ ಕೇಳು" ಅಂದರು. ಕೇಳಿದೆ. ಎರಡು ಇಡ್ಲಿ ತಿಂದಿದ್ದರು. ಹನ್ನೊಂದನೇ ದಿನ ಮನೆಗೆ ಬಂದರು. ಆ ಹನ್ನೊಂದು ದಿನ ಬಾಗಿಲಲ್ಲೇ ನಿಂತಿದ್ದ ಭಾವನಿಗೆ, ವಾರ್ಡಿನ ಹುಡುಗಿಯರಿಗೆ ಏನು ಹೇಳಿದರೂ ಸಾಲದು.

ಐಸಿಯು ಅಂದರೆ ಏನು ಅಂತ ಗೊತ್ತಾದ ಮೇಲೆ ಆ ನೀತಿಯ ಕೋರ್ಸ್, ಆ ಸಹಿ ಮತ್ತೆ ನೆನಪಾಯಿತು. ನನ್ನ ಫೈಲಿನ ಒಂದೊಂದು ಸಾಲಿನ ಹಿಂದೆಯೂ ಬಾಗಿಲಲ್ಲಿ ನಿಂತ ಒಬ್ಬ ಭಾವ ಇದ್ದಿರಬೇಕು. ಅವರಿಗೆ ನನ್ನ ಥ್ಯಾಂಕ್ಸ್ ತಲುಪುವುದಿಲ್ಲ. ಆದರೂ ಬರೆದಿದ್ದೇನೆ.

ಕೊನೆಗೆ ಸಿಕ್ಕ ಮಾದರಿ ಮೊದಲಿನದರಷ್ಟು ಚೆಂದ ಇಲ್ಲ. ಬಿಪಿ, ಉಸಿರು, ನಾಡಿಯಂಥ ಮಾಮೂಲಿ ಅಳತೆಗಳನ್ನಷ್ಟೇ ನೋಡುತ್ತದೆ. ಬೇರೆ ದೇಶದ ಆಸ್ಪತ್ರೆಯ ದಾಖಲೆ ಕೊಟ್ಟರೆ ಇನ್ನಷ್ಟು ಎಡವುತ್ತದೆ, ಅದನ್ನೂ ಬಚ್ಚಿಡದೆ ಬರೆದಿದ್ದೇನೆ. ಹಳೆಯ 0.9ರ ಮಾದರಿ ಮೊದಲ ಅಧ್ಯಾಯದಲ್ಲಿದೆ, ಹೇಗೆ ಮೋಸಹೋದೆ ಅನ್ನುವ ವಿವರದ ಸಮೇತ.

ಆ ನರ್ಸ್ ಕಳೆದ ವರ್ಷ ರಿಟೈರ್ ಆದರು. ಡಿಫೆನ್ಸ್‌ಗೆ ಬಂದಿದ್ದರು, ಅವತ್ತಿನ ಹಾಗೇ ಹಿಂದಿನ ಸಾಲಿನಲ್ಲಿ. ಈ ಸಲ ಏನೂ ಕೇಳಲಿಲ್ಲ. ನಾಳೆ ಕಾಫಿಗೆ ಕರೆದಿದ್ದೇನೆ. ಅವರಿಗೆ ಕನ್ನಡ ಬಾರದು, ನನ್ನ ಹರಕು ಜರ್ಮನ್‌ನಲ್ಲೇ ಇಷ್ಟೂ ಹೇಳಬೇಕು.