ಜನರೇಟರ್ ಇಲ್ಲದೆ ಹಾಡಿದ್ದೀರಿ, ತುಂಬಾ ಥ್ಯಾಂಕ್ಸ್

ಈ ಸಲದ ಪರಿಸರ ಹಬ್ಬ ಮುಗಿಯಿತು. ಬೆಳಿಗ್ಗೆಯಿಂದ ಸಂಜೆವರೆಗೂ ವೇದಿಕೆ ಮೇಲೆ ಹಾಡು, ವಾದ್ಯ, ಕುಣಿತ ನಡೆಯುತ್ತಲೇ ಇತ್ತು. ಇಡೀ ದಿನಕ್ಕೆ ಒಂದು ತೊಟ್ಟು ಡೀಸೆಲ್ ಸುಡಲಿಲ್ಲ. ಪ್ರತಿ ವರ್ಷ ವೇದಿಕೆಯ ಹಿಂದೆ ನಿಂತು ಗುಡುಗುಡು ಅನ್ನುತ್ತಿದ್ದ ಜನರೇಟರ್ ಈ ಸಲ ಇರಲೇ ಇಲ್ಲ. ಸೋಲಾರ್ ಪ್ಯಾನಲ್, ಬ್ಯಾಟರಿ, ಇನ್ವರ್ಟರ್, ಅಷ್ಟೇ.

‘ಗಾಳಿ ಉಳಿಸಿ’ ಅಂತ ಹಾಡಿ, ಅದೇ ಹಾಡಿಗೆ ಹೊಗೆ ಬಿಡುವ ಯಂತ್ರ ಇಟ್ಟುಕೊಳ್ಳೋದು ನಮಗೆ ಬಹಳ ದಿನದಿಂದ ಇರಿಸುಮುರಿಸು ತರುತ್ತಿತ್ತು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗಲ್ಲ, ಹೊಗೆ ಮಾತ್ರ ಅದಕ್ಕಿಂತ ಜಾಸ್ತಿ ಹೇಗೆ ಅಂತ ಹಬ್ಬದಲ್ಲೇ ಒಬ್ಬ ಹುಡುಗ ಕೇಳಿದ. ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕವೂ ಬಂದು ಸೇರಿಕೊಳ್ಳುತ್ತದೆ, ತೂಕ ಅದರದ್ದು. ಅವನು ನಂಬಿದ ಹಾಗೆ ಕಾಣಲಿಲ್ಲ. ಇರಲಿ.

ಮೊದಲ ನಮಸ್ಕಾರ ಹಾಡಿದವರಿಗೆ, ನುಡಿಸಿದವರಿಗೆ. ನಾವು ನಿಮಗೆ ಕಳಿಸಿದ ಪತ್ರ ನೆನಪಿದೆಯಲ್ವಾ? ನಿಮ್ಮ ಡ್ರಮ್ ಸೆಟ್ ತರಬೇಡಿ, ಎಲ್ಲರೂ ಒಂದೇ ಸೆಟ್ ಬಳಸಬೇಕು. ದೊಡ್ಡ ಬೇಸ್ ಸ್ಪೀಕರ್ ಇಲ್ಲ. ಹೊಗೆ ಯಂತ್ರ ಇಲ್ಲ, ಬಣ್ಣದ ಚೂರು ಹಾರಿಸುವ ಹಾಗಿಲ್ಲ. ಹೊತ್ತು ಮುಳುಗುವ ಮುಂಚೆ ಎಲ್ಲ ಬಂದ್. ಇಂಥ ಪತ್ರ ನನಗೆ ಬಂದಿದ್ದರೆ ಮುಖ ಸಿಂಡರಿಸಿಕೊಳ್ಳುತ್ತಿದ್ದೆ. ನೀವು ಹಾಗೆ ಮಾಡಲಿಲ್ಲ. ಒಂದು ತಂಡದಿಂದ ಬಂದ ಉತ್ತರ ಇಷ್ಟೇ: “ಸರಿ. ಕೀಬೋರ್ಡ್ ಸ್ಟ್ಯಾಂಡ್ ನಿಮ್ಮಲ್ಲಿದೆಯಾ?” ಆ ಒಂದು ಸಾಲು ಓದಿ ನಮಗೆ ಎಷ್ಟು ಧೈರ್ಯ ಬಂತು ಅಂತ ನಿಮಗೆ ಗೊತ್ತಿಲ್ಲ.

ದೂರದಿಂದ ಹೆಸರಾಂತ ಗಾಯಕರನ್ನು ಕರೆಸಿ, ಜನ ಜಾಸ್ತಿ ಸೇರುತ್ತಾರೆ ಅಂತ ಕೆಲವರು ಸಲಹೆ ಕೊಟ್ಟಿದ್ದರು. ಸೇರುತ್ತಿದ್ದರು, ಅನುಮಾನವಿಲ್ಲ. ಆದರೆ ಇಂಥ ಕಾರ್ಯಕ್ರಮಗಳಲ್ಲಿ ಕಾರ್ಬನ್ ಲೆಕ್ಕ ತೆಗೆದರೆ ಸಾಮಾನ್ಯವಾಗಿ ದೊಡ್ಡ ಪಾಲು ವೇದಿಕೆಯ ಕರೆಂಟಿನದ್ದಲ್ಲ, ಜನ ಬಂದು ಹೋಗುವ ಓಡಾಟದ್ದು. ಹೆಸರಾಂತರು ಬಂದರೆ ಅವರ ಹಿಂದೆ ವ್ಯಾನು, ಅವರನ್ನು ನೋಡಲು ದೂರದೂರದಿಂದ ಕಾರು. ನೀವು ಬಂದದ್ದು ಹೇಗೆ? ಗಿಟಾರ್ ಬೆನ್ನಿಗೆ ಹಾಕಿಕೊಂಡು ಸೈಕಲ್ಲಿನಲ್ಲಿ ಬಂದವರಿದ್ದರು. ಡೋಲನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದವರಿದ್ದರು. ನಿಮ್ಮ ಹಾಡು ಕೇಳಲು ಬಂದವರು ನಿಮ್ಮ ಪಕ್ಕದ ಮನೆಯವರು, ನಿಮ್ಮ ಹತ್ತಿರ ಪಾಠ ಹೇಳಿಸಿಕೊಳ್ಳುವ ಮಕ್ಕಳು, ಅವರ ಅಪ್ಪ ಅಮ್ಮ. ಹೆಚ್ಚಿನವರು ನಡೆದೇ ಬಂದರು. ಸ್ಥಳೀಯರಿಗೆ ಅವಕಾಶ ಕೊಟ್ಟೆವು ಅಂತ ನಾವು ಬೀಗುವ ಹಾಗೇ ಇಲ್ಲ. ನೀವು ಇಲ್ಲಿಯವರಾದ್ದರಿಂದಲೇ ಇದು ಪರಿಸರ ಹಬ್ಬ ಅನ್ನಿಸಿಕೊಂಡಿತು.

ಆ ಒಂದೇ ಡ್ರಮ್ ಸೆಟ್ಟಿನ ಬಗ್ಗೆ ಹೇಳಲೇಬೇಕು. ಡ್ರಮ್ಮರುಗಳಲ್ಲಿ ಒಬ್ಬಳು ಎಡಗೈಯವಳು. ಅವಳ ಸರದಿ ಬಂದಾಗ ಇಡೀ ಸೆಟ್ ಕನ್ನಡಿಯಲ್ಲಿ ಕಂಡಂತೆ ತಿರುಗಬೇಕು, ಅವಳು ಇಳಿದ ಮೇಲೆ ಮತ್ತೆ ವಾಪಸ್. ಹಿಂದಿನ ತಂಡದವನೂ ಮುಂದಿನ ತಂಡದವನೂ ಸೇರಿ ಸಿಂಬಲ್ ಸ್ಟ್ಯಾಂಡ್ ಹೊತ್ತು ಓಡಾಡಿದರು. ಯಾರೂ ಹೇಳಿರಲಿಲ್ಲ. ಪೆಡಲ್ ಎಲ್ಲಿರಬೇಕು ಅಂತ ಗುರುತಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ ಗೀಟುಗಳು ಇನ್ನೂ ಹಾಗೇ ಇವೆ.

ಚರ್ಮದ ವಾದ್ಯದವರ ಕಷ್ಟವೇ ಬೇರೆ. ಬೆಳಿಗ್ಗೆ ಗಾಳಿಯಲ್ಲಿ ತೇವ ಇತ್ತು, ತೊಗಲು ಸಡಿಲವಾಗಿ ದನಿ ಬೊದ್ದೆನ್ನುತ್ತಿತ್ತು. ಬೇರೆ ಕಡೆಯಾದರೆ ನಾಲ್ಕು ಕಾಗದ ಉರಿಸಿ ಕಾಯಿಸುತ್ತಿದ್ದರು. ಇಲ್ಲಿ ಮೈದಾನದಲ್ಲಿ ಬೆಂಕಿ ಹಾಕುವ ಹಾಗಿಲ್ಲ. ಬಿಸಿಲಿಗೆ ಇಡೋಣ ಅಂದರೆ ಮೋಡ. ಕೂದಲು ಒಣಗಿಸುವ ಡ್ರೈಯರ್ ತರಲಾ ಅಂತ ಯಾರೋ ಕೇಳಿದರು. ಬ್ಯಾಟರಿ ನೋಡಿಕೊಳ್ಳುತ್ತಿದ್ದ ಅಣ್ಣ ಅವರನ್ನು ನೋಡಿದ ನೋಟಕ್ಕೇ ತೊಗಲು ಬಿಗಿಯಬೇಕಿತ್ತು. ಕೊನೆಗೆ ಹಗ್ಗ ಎಳೆದು ಬಿಗಿದು, ಅಂಗೈಯಲ್ಲಿ ಉಜ್ಜಿ ಉಜ್ಜಿ ಬಿಸಿ ಮಾಡಿ, ಪಟ್ಟು ಬಿಡದೆ ದನಿ ಏರಿಸಿದಿರಿ. ಹಾಡಿಗಿಂತ ಮುಂಚಿನ ಆ ಕೆಲಸವನ್ನು ಮಕ್ಕಳು ಸುತ್ತ ಕೂತು ನೋಡಿದರು. ನನ್ನ ಕೇಳಿದರೆ ಆ ದಿನದ ಮೊದಲ ಕಾರ್ಯಕ್ರಮ ಅದೇ.

ಈಗ ಬ್ಯಾಟರಿ ಅಣ್ಣನ ಸರದಿ. ಸುಮಾರು 10 ಯೂನಿಟ್ ಹಿಡಿಸುವ ಬ್ಯಾಟರಿಯಲ್ಲಿ ದಿನ ಪೂರ್ತಿ ವೇದಿಕೆ ನಡೆಸೋದು ಅಂದಾಗ ನಾವು ನಕ್ಕಿದ್ದೆವು. ಅವರು ಕಾಗದ ತಗೊಂಡು ಲೆಕ್ಕ ಬಿಡಿಸಿದರು. ಹಳೆ ಕಾಲದ ವೇದಿಕೆ ದೀಪ ಒಂದೊಂದೂ 1000 ವ್ಯಾಟ್. ಎಂಟು ದೀಪ ಹಾಕಿದರೆ ಗಂಟೆಗೆ 8 ಯೂನಿಟ್, ಒಂದೂಕಾಲು ಗಂಟೆಗೆ ಬ್ಯಾಟರಿ ಖಾಲಿ. ಎಲ್‌ಇಡಿಯಲ್ಲಿ 50 ವ್ಯಾಟಿನದ್ದು ಹಾಕಿದರೆ ಎಂಟಕ್ಕೂ ಸೇರಿ ಗಂಟೆಗೆ ಅರ್ಧ ಯೂನಿಟ್ಟೂ ಆಗಲ್ಲ. ಸ್ಪೀಕರಿನ ಮೇಲೆ 1000 ವ್ಯಾಟ್ ಅಂತ ಬರೆದಿರುತ್ತದೆ, ಆದರೆ ಸಂಗೀತ ಒಂದೇ ಸಮ ಅಷ್ಟು ಎಳೆಯುವುದಿಲ್ಲ. ದನಿ ಏರುತ್ತದೆ, ಇಳಿಯುತ್ತದೆ, ನಡುವೆ ನಿಲ್ಲುತ್ತದೆ. ಸರಾಸರಿ ಎಂಟನೇ ಒಂದು ಭಾಗ ಅಂತ ಹಿಡಿಯೋದು ಆ ಕಸುಬಿನವರ ರೂಢಿ. ನಿಜವಾಗಿ ಕರೆಂಟು ನುಂಗೋದು ಬೇಸ್. ಅದನ್ನು ಬಿಟ್ಟರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂದರು. ನೋಡಿಕೊಂಡರು.

ವೇದಿಕೆ ಪಕ್ಕ ಒಂದು ಕರಿ ಹಲಗೆ ಇಟ್ಟು, ಬ್ಯಾಟರಿಯಲ್ಲಿ ಶೇಕಡಾ ಎಷ್ಟು ಉಳಿದಿದೆ ಅಂತ ಆಗಾಗ ಬರೆಯುತ್ತಿದ್ದದ್ದೂ ಅವರೇ. ಮಧ್ಯಾಹ್ನದ ಹೊತ್ತಿಗೆ ಮೋಡ ದಟ್ಟವಾಯಿತು. ಅಂಥ ಮೋಡದಲ್ಲಿ ಪ್ಯಾನಲ್‌ಗಳಿಂದ ಬರೋದು ಕಾಲು ಭಾಗಕ್ಕಿಂತಲೂ ಕಡಿಮೆ ಆಗುವುದುಂಟು. ಹಲಗೆಯ ಮೇಲೆ 60 ಹೋಗಿ 45 ಆಯಿತು, 45 ಹೋಗಿ 38 ಆಯಿತು. ಯಾರ ಕಾರ್ಯಕ್ರಮ ಕೈಬಿಡೋದು ಅಂತ ನಾವು ಒಂದು ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದೆವು. ಅಷ್ಟರಲ್ಲಿ ವೇದಿಕೆ ಹಿಂದೆ ಕಲಾವಿದರೇ ತಮ್ಮ ತಮ್ಮಲ್ಲಿ ಮಾತಾಡಿಕೊಂಡು ಮುಗಿಸಿದ್ದರು. ರಾಕ್ ತಂಡದವರು ಆಂಪ್ಲಿಫೈಯರ್ ಬಿಟ್ಟು ಮರದ ಗಿಟಾರ್ ಎತ್ತಿಕೊಂಡರು. ಕೊಳಲಿನವರು “ನನಗೆ ಒಂದು ಮೈಕ್ ಸಾಕು, ಮಾನಿಟರ್ ಬೇಡ” ಅಂದರು; ಮಾನಿಟರ್ ಅಂದರೆ ಕಲಾವಿದರಿಗೆ ತಮ್ಮದೇ ದನಿ ಕೇಳಿಸಲು ವೇದಿಕೆ ಮೇಲೆ ಇಡುವ ಸ್ಪೀಕರ್. ನೃತ್ಯದವರು ದೀಪ ಬೇಡ ಅಂದರು. ಯಾರ ಹೆಸರೂ ಪಟ್ಟಿಯಿಂದ ಹೋಗಲಿಲ್ಲ. ಆ ರಾಕ್ ತಂಡದ ಹುಡುಗರ ಹಾಡು ನಾನು ಹಿಂದೆಯೂ ಕೇಳಿದ್ದೆ. ಅವರ ಸಾಹಿತ್ಯ ಇಷ್ಟು ಚೆನ್ನಾಗಿದೆ ಅಂತ ಗೊತ್ತಾಗಿದ್ದು ಮಾತ್ರ ಅವತ್ತೇ.

ನಾಲ್ಕು ಗಂಟೆ ಹೊತ್ತಿಗೆ ಬಿಸಿಲು ಬಂತು. ಹಲಗೆಯಲ್ಲಿ 34 ಅಳಿಸಿ 37 ಬರೆದರು. ಜನ ಚಪ್ಪಾಳೆ ತಟ್ಟಿದರು ನೋಡಿ! ಆಗಷ್ಟೇ ಹಾಡು ಮುಗಿಸಿದ್ದ ಅಕ್ಕ ಅದು ತನಗೇ ಅಂದುಕೊಂಡು ಕೈ ಮುಗಿದರು. ಅವರಿಗೂ ಸಲ್ಲಬೇಕಾದದ್ದೇ, ಏನೂ ತಪ್ಪಿಲ್ಲ.

ಸೌಂಡ್ ತಂಡದವರೇ, ನಿಮ್ಮ ಕೆಲಸ ಚೆನ್ನಾಗಿದ್ದಷ್ಟೂ ಯಾರ ಗಮನಕ್ಕೂ ಬರಲ್ಲ, ಅದೇ ನಿಮ್ಮ ಹಣೆಬರಹ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬಯಲಿನಲ್ಲಿ ಸ್ಪೀಕರಿನಿಂದ ಎರಡು ಪಟ್ಟು ದೂರ ಹೋದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮುಂದೆ ಎರಡು ದೊಡ್ಡ ಡಬ್ಬ ಇಟ್ಟು ಹಿಂದಿನವರಿಗೂ ಕೇಳಿಸಬೇಕು ಅಂದರೆ ಮುಂದೆ ಕೂತವರ ಕಿವಿ ಹೋಗುತ್ತದೆ. ನೀವು ಮೈದಾನದ ನಡುವೆ ಚಿಕ್ಕ ಸ್ಪೀಕರ್ ಇಟ್ಟಿರಿ. ತಂತಿಯಲ್ಲಿ ಸದ್ದು ಕೂಡಲೇ ತಲುಪುತ್ತದೆ, ಗಾಳಿಯಲ್ಲಿ ಮಾತ್ರ ಸೆಕೆಂಡಿಗೆ 343 ಮೀಟರ್ ಅಷ್ಟೇ ಓಡುತ್ತದೆ. ಹಾಗಾಗಿ 34 ಮೀಟರ್ ಹಿಂದಿನ ಸ್ಪೀಕರ್ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ನುಡಿಯಬೇಕು, ಇಲ್ಲದಿದ್ದರೆ ಪ್ರತಿ ಪದ ಎರಡೆರಡು ಸಲ ಕೇಳುತ್ತದೆ. ಅದನ್ನು ಸರಿಮಾಡಲು ಒಬ್ಬ ವೇದಿಕೆ ಮೇಲೆ ಟಕ್ ಟಕ್ ಅಂತ ಕೋಲು ಬಡಿಯುತ್ತಿದ್ದ, ಇನ್ನೊಬ್ಬ ಹಿಂದೆ ಕಣ್ಣು ಮುಚ್ಚಿ ನಿಂತು “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಅನ್ನುತ್ತಿದ್ದ. ಎರಡು ಟಕ್ ಸೇರಿ ಒಂದಾದಾಗ ಅವನ ಮುಖ ಅರಳಿತು. ಮಾರನೇ ದಿನ ಹಬ್ಬದಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯರಿಗೆ ಪ್ರತಿ ಮಾತೂ ಕೇಳಿಸಿತು. ಒಬ್ಬರಂತೂ ತಾಳ ತಪ್ಪಿದ ಕಡೆಯನ್ನೂ ಗುರುತು ಹಿಡಿದು ಹೇಳಿದರು.

ಸದ್ದು ಕಡಿಮೆಯಾಯಿತು, ಮಜಾ ಬರಲಿಲ್ಲ ಅಂದವರೂ ಇದ್ದಾರೆ. ಅವರ ಮಾತನ್ನೂ ಕೇಳಿಸಿಕೊಂಡಿದ್ದೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಹೇಳಿರುವ ಮೇಲ್ಮಿತಿಯೇ ಸರಾಸರಿ 100 ಡೆಸಿಬಲ್. ಅದು ದೊಡ್ಡವರ ಕಿವಿಗೂ ಜಾಸ್ತಿಯೇ ಅಂತ ನನ್ನ ಅನಿಸಿಕೆ. ನಮ್ಮಲ್ಲಿ ತೊಡೆ ಮೇಲೆ ಮಲಗಿದ ಕೂಸುಗಳೂ ಇದ್ದವು. ಮುಂದಿನ ಸಲವೂ ಇಷ್ಟೇ ಇಡುತ್ತೇವೆ, ಕ್ಷಮಿಸಿ.

ಮೈದಾನದ ಸುತ್ತಲಿನ ಮನೆಯವರಿಗೆ ಬೇರೆಯಾಗಿ ವಂದನೆ. ಬೇಸ್ ಸ್ಪೀಕರ್ ಬೇಡ ಅಂದದ್ದಕ್ಕೆ ಬ್ಯಾಟರಿಯ ಜತೆ ನೀವೂ ಕಾರಣ. ದಪ್ಪ ದನಿಯ ಅಲೆ ಬಹಳ ಉದ್ದ, 50 ಹರ್ಟ್ಸಿನದ್ದು ಸುಮಾರು 7 ಮೀಟರ್. ಗೋಡೆ ಕಿಟಕಿ ಯಾವುದಕ್ಕೂ ಅದು ಜಗ್ಗಲ್ಲ, ಮನೆಯೊಳಗೆ ಬಂದು ಪಾತ್ರೆ ಅಲುಗಾಡಿಸುತ್ತದೆ. ಹಿಂದೆ ನೀವು ಅದನ್ನೆಲ್ಲ ಸಹಿಸಿಕೊಂಡಿದ್ದೀರಿ. ಈ ಸಲ ನಿಮ್ಮಲ್ಲಿ ಕೆಲವರು ಕಿಟಕಿ ತೆರೆದಿಟ್ಟು ಕೇಳಿದ್ದನ್ನು ನಾವು ನೋಡಿದೆವು.

ಪಕ್ಷಿ ವೀಕ್ಷಕರ ಗುಂಪಿಗೂ ಥ್ಯಾಂಕ್ಸ್, ಆಗ ಜಗಳವಾಡಿದ್ದರೂ. ವೇದಿಕೆಯನ್ನು ಮರಗಳ ಬುಡದಲ್ಲಿ ಹಾಕಿದರೆ ಫೋಟೋ ಚೆನ್ನಾಗಿ ಬರುತ್ತೆ ಅಂತ ನಮ್ಮ ವಾದ. ಆ ಮರಗಳಲ್ಲಿ ಗೂಡುಗಳಿವೆ, ಸ್ಪೀಕರ್ ಅತ್ತ ತಿರುಗಿಸಲೇಬೇಡಿ ಅಂತ ನಿಮ್ಮದು. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗದ್ದಲ ಜಾಸ್ತಿ ಇರುವ ಕಡೆಯ ಚೇಕಡಿ ಜಾತಿಯ ಹಕ್ಕಿಗಳು ಮೇಲಿನ ಸ್ವರದಲ್ಲಿ ಹಾಡುತ್ತವೆ ಅಂತ 2003ರಲ್ಲೇ ಸಂಶೋಧಕರು ಕಂಡುಕೊಂಡಿದ್ದಾರೆ, ಪಾಪ, ಕೆಳಗಿನ ಸ್ವರವೆಲ್ಲ ನಮ್ಮ ಸದ್ದಿನಲ್ಲಿ ಮುಳುಗಿ ಹೋಗುತ್ತೆ ಅಂತ ನೀವು ಹೇಳಿದಾಗ ಸಭೆಯಲ್ಲಿದ್ದ ಗಾಯಕರೇ ಮೊದಲು ನಿಮ್ಮ ಕಡೆ ಆದರು. ಶ್ರುತಿ ಏರಿಸಿ ಹಾಡೋ ಕಷ್ಟ ಅವರಿಗೆ ಗೊತ್ತಲ್ವಾ. ವೇದಿಕೆ ಬಯಲಿಗೆ ಬಂತು. ಫೋಟೋ ಸುಮಾರಾಗಿ ಬಂದಿವೆ.

ದುಡ್ಡಿನ ಮಾತು ಬಿಟ್ಟರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಎಲ್ಲ ಕಲಾವಿದರಿಗೂ ಸಂಭಾವನೆ ಕೊಟ್ಟಿದ್ದೇವೆ. ಪರಿಸರಕ್ಕೆ ತಾನೇ, ಸುಮ್ನೆ ಹಾಡಲಿ ಬಿಡಿ ಅಂದವರು ಹಲವರಿದ್ದರು. ಅವರು ಕೊಟ್ಟ ಉದಾಹರಣೆಯೂ ಒಳ್ಳೆಯದೇ. 1970ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಒಂದು ಸಂಗೀತ ಕಛೇರಿಯ ಹಣದಿಂದಲೇ, ಮರುವರ್ಷ ಅಲಾಸ್ಕಾದ ಅಮ್ಚಿಟ್ಕಾ ದ್ವೀಪದಲ್ಲಿ ಅಮೆರಿಕದ ಅಣುಬಾಂಬ್ ಪರೀಕ್ಷೆ ವಿರೋಧಿಸಲು ಗ್ರೀನ್‌ಪೀಸ್ ಅನ್ನೋ ಪರಿಸರ ಸಂಘಟನೆಯ ಮೊದಲ ದೋಣಿ ಹೊರಟಿತು. ಹಾಡಿದವರು ಪುಕ್ಕಟೆಯಾಗಿ ಹಾಡಿದ್ದರು. ನಿಜ. ಆದರೆ ಅಂಥ ತಾರೆಯರಿಗೂ, ವಾರವಿಡೀ ಕೆಲಸ ಮಾಡಿ ಭಾನುವಾರ ಅಭ್ಯಾಸ ಮಾಡುವ ನಮ್ಮವರಿಗೂ ಹೋಲಿಕೆ ಹೇಗೆ? ಶಾಮಿಯಾನದವರಿಗೆ, ಕುರ್ಚಿಯವರಿಗೆ ಯಾರೂ ಸುಮ್ನೆ ಕೊಡಿ ಅನ್ನಲಿಲ್ಲ. ಹಾಡೋರನ್ನು ಮಾತ್ರ ಯಾಕೆ ಕೇಳಬೇಕು? ಆ ಹಣ ಹೊಂದಿಸಲು ಚೀಟಿ ಬರೆದು ಮನೆಮನೆ ಸುತ್ತಿದ ಗೆಳೆಯರಿಗೆ, ‘ಇದು ಹಾಡೋರಿಗೆ’ ಅಂತಲೇ ಬೇರೆ ಲಕೋಟೆಯಲ್ಲಿ ಕೊಟ್ಟವರಿಗೆ ಕೈ ಮುಗಿದು ವಂದನೆ. ಸಂಭಾವನೆ ತಗೊಂಡು ಅದೇ ಲಕೋಟೆಯನ್ನು ಮುಂದಿನ ವರ್ಷದ ಖರ್ಚಿಗೆ ಅಂತ ವಾಪಸ್ ಕೊಟ್ಟ ಒಂದಿಬ್ಬರಿದ್ದೀರಿ. ಹೆಸರು ಹೇಳಬೇಡಿ ಅಂದಿದ್ದೀರಿ, ಹೇಳಲ್ಲ.

ಕಸ ಆರಿಸಿದವರು, ಸೈಕಲ್ ನಿಲ್ಲಿಸುವ ಜಾಗ ನೋಡಿಕೊಂಡವರು, ನೀರಿನ ಡ್ರಮ್ಮಿನ ಹತ್ತಿರ ದಿನವಿಡೀ ನಿಂತು ಬಾಟಲಿ ತುಂಬಿಸಿಕೊಟ್ಟವರು, ನಿಮಗೆಲ್ಲ ಎದುರಿಗೇ ಹೇಳಿದ್ದೇವೆ, ಇನ್ನೊಮ್ಮೆಯೂ ಹೇಳುತ್ತೇವೆ. ಮಕ್ಕಳ ಕೋರಸ್ ಕಲಿಸಿದ ಟೀಚರ್, ಮೂರನೇ ಸಾಲಿನ ಹುಡುಗ ಹಾಡಿನ ನಡುವೆ ಅಮ್ಮನಿಗೆ ಟಾಟಾ ಮಾಡಿದ್ದಕ್ಕೆ ಬೈಯಬೇಡಿ. ಅವನು ತಾಳ ಬಿಟ್ಟಿರಲಿಲ್ಲ.

ಕೊನೆಗೆ ಒಂದು ವಿಷಯ. ವೇದಿಕೆ ಬಿಚ್ಚುವಾಗ ಸಿಕ್ಕ ಸಾಮಾನು ನಮ್ಮ ಹತ್ತಿರ ಇದೆ: ಎರಡು ಸ್ಟೀಲ್ ಬಾಟಲಿ, ಒಂದು ಮಗುವಿನ ಚಪ್ಪಲಿ, ಕೊಳಲಿನ ಬಟ್ಟೆ ಚೀಲ, ಒಂದು ಮೈಕ್ ಕ್ಲಿಪ್, ಗಿಟಾರಿನ ಒಂದು ಕೇಪೋ, ಅಂದರೆ ಶ್ರುತಿ ಏರಿಸಲು ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್. ಬಂದು ತಗೊಂಡು ಹೋಗಿ. ಕೇಪೋ ತನ್ನದು ಅಂತ ಈಗಾಗಲೇ ಮೂವರು ಹೇಳಿದ್ದಾರೆ. ಮೂವರೂ ಒಟ್ಟಿಗೆ ಬನ್ನಿ, ನೀವೇ ತೀರ್ಮಾನ ಮಾಡಿಕೊಳ್ಳಿ. ಗಿಟಾರ್ ತರೋದನ್ನು ಮರೆಯಬೇಡಿ.